ದಂಡ ತಿಂದವರು

ತನ್ನ ದುಡ್ಡನ್ನು ಯಾರೋ ತಿನ್ನುತ್ತಿದ್ದಾರೆ. ಯಾರೆಂದು ತಿಳಿಯದೆ ಇವತ್ತು ಏಳುವುದಿಲ್ಲವೆಂದು ತಹ್ಸೀನಾ ಬ್ಯಾಂಕಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು.

ಮುಲ್ತಾನಿನ ಆ ಇಸ್ಲಾಮಿ ಬ್ಯಾಂಕಿನ ಶಾಖೆಯಲ್ಲಿ ಬಡ್ಡಿ ಎಂಬ ಮಾತೇ ಇಲ್ಲ. ಗಂಡ ಸತ್ತ ಮೇಲೆ ಬ್ಯಾಂಕೇ ಕಸೂತಿ ಯಂತ್ರ ಕೊಂಡು, ಲಾಭ ಸೇರಿಸಿ, ಅವಳಿಗೆ ಕಂತಿನ ಮೇಲೆ ಮಾರಿತ್ತು. ಕಂತು ಐದನೇ ತಾರೀಖಿಗೆ. ಗಂಡನ ಪಿಂಚಣಿ ಬರುವುದು ಎಂಟಕ್ಕೆ. ಹೀಗಾಗಿ ತಿಂಗಳು ತಿಂಗಳೂ ಐನೂರು ರೂಪಾಯಿ ದಂಡ. ಅದೂ ಬಡ್ಡಿಯಂತೆಯೇ ಆಗುವುದರಿಂದ ಬ್ಯಾಂಕು ಇಟ್ಟುಕೊಳ್ಳುವಂತಿಲ್ಲ; ಬಡವರಿಗೆ ದಾನವಾಗಿ ಹೋಗಬೇಕು.

ರಂಜಾನಿನಲ್ಲಿ ಮೊಹಲ್ಲಾದ ಟ್ರಸ್ಟಿನವರು ಹಂಚಿದ ಹಿಟ್ಟಿನ ತುಂಬ ಹುಳ. ಬೆಳಿಗ್ಗೆ ಜರಡಿ ಹಿಡಿದು, ಉಳಿದದ್ದನ್ನೇ ನಾದಿ, ಮಕ್ಕಳಿಗೆ ರೊಟ್ಟಿ ಸುಟ್ಟುಕೊಟ್ಟು ಬಂದಿದ್ದಳು. ಬೆರಳ ಸಂದಿಯಲ್ಲಿ ಇನ್ನೂ ಏನೋ ಹರಿದಾಡಿದಂತಿತ್ತು.

ಯೂನಿವರ್ಸಿಟಿಯ ಹುಡುಗಿಯೊಬ್ಬಳು ಪ್ರಶ್ನೆಗಳ ಹಾಳೆ ಹಿಡಿದು ಪಕ್ಕಕ್ಕೆ ಬಂದಳು. ಬಡ್ಡಿಯ ಬ್ಯಾಂಕಿಗೂ ಈ ಬ್ಯಾಂಕಿಗೂ ಹೋಲಿಸಿದರೆ ಗ್ರಾಹಕರಿಗೆ ಯಾವುದು ತೃಪ್ತಿ ಎಂಬ ಸಮೀಕ್ಷೆಯಂತೆ. ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದಳು.

“ನಮ್ಮ ನಾದಿನಿ ಬಡ್ಡಿ ಬ್ಯಾಂಕಲ್ಲಿ ಸಾಲ ಮಾಡಿದಾಳೆ. ಅಲ್ಲೂ ದಂಡ ಹಾಕ್ತಾರಮ್ಮ. ಆದ್ರೆ ನಾವೇ ನುಂಗ್ತೀವಿ ಅಂತ ಬಾಯಿಬಿಟ್ಟು ಹೇಳ್ತಾರೆ.”

ಮ್ಯಾನೇಜರ್ ಇಫ್ತಿಖಾರ್ ಕೇಳಿಸಿಕೊಂಡು ಹತ್ತಿರ ಬಂದರು. ಜತೆಗೆ ಅವರ ಅತ್ತರಿನ ಘಾಟೂ ಬಂತು.

“ಇಲ್ಲಿ ಕಟ್ಟಿದ ದಂಡಕ್ಕೆ ನಿಮಗೆ ಪುಣ್ಯ ಬರುತ್ತೆ, ಅಕ್ಕಾ.”

“ಪುಣ್ಯ ನೀವೇ ಇಟ್ಕೊಳ್ಳಿ ಸಾಹೇಬ್ರೇ. ನನ್ನ ಆರು ತಿಂಗಳ ದಂಡ ತಿಂದವರ ಮುಖ ತೋರ್ಸಿ. ನನಗಿಂತ ಬಡವರಾದ್ರೆ ಬಾಯಿ ಮುಚ್ಕೊಂಡು ಕಟ್ತೀನಿ. ಇಲ್ಲಾಂದ್ರೆ ನನ್ನ ದುಡ್ಡು ವಾಪಸ್ ಮಡಗಿ.”

“ಅಂಕ?” ಎಂದಳು ಹುಡುಗಿ.

“ಆ ಮುಖ ನೋಡಿ ಹೇಳ್ತೀನಿ.”

ಸಮೀಕ್ಷೆಯವಳ ಎದುರು ಇಲ್ಲವೆನ್ನಲಾಗದೆ ಮ್ಯಾನೇಜರ್ ದಾನದ ಕಡತ ತರಿಸಿದರು. ದಂಡದ ಹಣ ಪೂರ್ತಿ ಒಂದು ಟ್ರಸ್ಟಿಗೆ ಹೋಗುತ್ತದೆ, ಒಂದೊಂದು ರೂಪಾಯಿಗೂ ಲೆಕ್ಕವಿದೆ, ಪಡೆದವರ ಹೆಬ್ಬೆಟ್ಟಿದೆ, ಫೋಟೋ ಇದೆ ಎಂದರು. ಹೆಮ್ಮೆಯಿಂದಲೇ ಕಡತವನ್ನು ಅವಳ ಕಡೆ ತಿರುಗಿಸಿದರು.

ಮೊದಲ ಫೋಟೋದಲ್ಲಿ ಹಿಟ್ಟಿನ ಚೀಲ ತಬ್ಬಿಕೊಂಡು ನಿಂತಿದ್ದವಳು ತಹ್ಸೀನಾ.