ಮೊದಲನೆಯ ಬೇಡ

"ಬೇಡ ಮಗು, ನಾನು ಆರಾಮಾಗೇ ಇದ್ದೀನಿ," ಎಂದ ಆರ್ವಿಲ್ ನೈಗಾರ್ಡ್. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಆ ಆರಾಮ ತುಂಡುತುಂಡಾಗಿ ಹೊರಬಂತು. ಬೆಳಿಗ್ಗೆ ಹಸುಗಳಿಗೆ ಮೇವು ಹಾಕಲು ಹೋದವನು ಕೊಟ್ಟಿಗೆಯ ಬಾಗಿಲಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ. ಮಧ್ಯಾಹ್ನ ಆಪರೇಷನ್.

ಡಾನಾ ಫೆಲ್ಡ್‌ಮನ್ ಬಿಸಿಪೆಟ್ಟಿಗೆಯಿಂದ ಆಗಷ್ಟೇ ತೆಗೆದಿದ್ದ ಕಂಬಳಿಯನ್ನು ಎದೆಗವಚಿಕೊಂಡು ನಿಂತಳು. ಆಸ್ಪತ್ರೆಯ ಸ್ವಯಂಸೇವಕರ ತರಬೇತಿಯಲ್ಲಿ ಒತ್ತಿ ಹೇಳಿದ್ದರು: ರೋಗಿ ಬೇಡ ಅಂದರೆ ಬೇಡ, ಬಲವಂತ ಮಾಡಕೂಡದು. "ಸರಿ ಹಾಗಾದ್ರೆ," ಎಂದು ಕಂಬಳಿಯನ್ನು ವಾಪಸು ಒಯ್ದಳು. ಮುದುಕ ಅದು ಹೋದ ದಿಕ್ಕನ್ನೇ ನೋಡುತ್ತ ಮಲಗಿದ್ದ, ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡವನ ಹಾಗೆ.

ಆ ಮಹಡಿಯಲ್ಲೆಲ್ಲ ಇದೇ ಪಾಡು. ತುಟಿ ಒಣಗಿದ್ದ ಹೆಂಗಸು ನೀರು ಬೇಡವೆಂದಳು. ದಿಂಬು ನೆಲಕ್ಕೆ ಬಿದ್ದಿದ್ದವನು, ಇರಲಿ, ಅದು ಅಲ್ಲೂ ಚೆನ್ನಾಗೇ ಇದೆ ಎಂದ. ನ್ಯೂಯಾರ್ಕಿನಿಂದ ಮಿನೆಸೋಟಕ್ಕೆ ಓದಲು ಬಂದಿದ್ದ ಡಾನಾ ಮುಂದಿನ ವರ್ಷ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬೇಕಿತ್ತು. ಅಲ್ಲಿ ಅಂಕಗಳ ಮಾತು ಮುಗಿದ ಮೇಲೆ ಕೇಳುವುದು ಒಂದೇ: ರೋಗಿಗಳ ನಡುವೆ ಇದ್ದು ಏನು ಮಾಡಿದೆ, ಏನು ಕಂಡೆ? ಜೊತೆಯ ಹುಡುಗಿಯೊಬ್ಬಳು ತೆರೆದ ಎದೆಯೊಳಗೆ ಹೃದಯ ಬಡಿಯುವುದನ್ನೇ ನೋಡಿ ಬಂದಿದ್ದಳು. ಡಾನಾ, ಸತ್ಯ ಹೇಳುವುದಾದರೆ, ಇಷ್ಟು ವಾರಗಳಿಂದ ಕಂಬಳಿಗಳನ್ನು ವಾಯುವಿಹಾರಕ್ಕೆ ಕರೆದೊಯ್ದಿದ್ದಳು, ಅಷ್ಟೆ.

"ಏನ್ ತಾಯಿ, ಮತ್ತೆ ವಾಪಸ್ ತಂದ್ಯಾ?" ನರ್ಸ್ ಗ್ರೆಚೆನ್ ಕೇಳಿದಳು.

"ಬೇಡ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ. ಯಾಕೆ, ಕಿವಿ ಮಂದಾನಾ?"

ಗ್ರೆಚೆನ್ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು. "ನೋಡು, ಈ ಕಡೆ ಜನ ಮೊದಲನೇ ಸಲ ಬೇಡ ಅಂದ್ರೆ, ನಮಸ್ಕಾರ ಅಂತ ಅರ್ಥ. ಎರಡನೇ ಸಲ ಬೇಡ ಅಂದ್ರೆ, ಆಸೆ ಆಗ್ತಿದೆ ಅಂತ. ಮೂರನೇ ಸಲ ಕೇಳದೇ ಹೊರಟುಬಿಟ್ರೆ, ನೀನೇ ಕಿತ್ಕೊಂಡು ಹೋದ ಹಾಗೆ. ನಮ್ಮ ಚರ್ಚಿನ ಊಟದಲ್ಲಿ ಕೊನೇ ತುಂಡು ಕೇಕು ಯಾರೂ ಮುಟ್ಟಲ್ಲ. ಅರ್ಧ ಮಾಡ್ತಾರೆ, ಅರ್ಧದಲ್ಲಿ ಅರ್ಧ ಮಾಡ್ತಾರೆ. ಕೊನೆಗೆ ತಟ್ಟೆ ಒರೆಸೋವಾಗ ಎಲ್ಲರಿಗೂ ಹೊಟ್ಟೆ ಉರಿ."

ಡಾನಾ ಕಂಬಳಿಯನ್ನು ಮತ್ತೆ ಬಿಸಿ ಮಾಡಿಕೊಂಡು ಹೋದಳು. ನೈಗಾರ್ಡ್ ಬೇಡ ಎಂದ. ಅವಳು ನಿಂತಲ್ಲೇ ನಿಂತಳು. ಇನ್ನೊಮ್ಮೆ ಕೇಳಿದಳು. ಅವನು ಕಿಟಕಿಯಾಚೆಯ ಹಿಮ ನೋಡುತ್ತ, ಬೇರೆ ಯಾರಿಗಾದ್ರೂ ಬೇಕಾಗಿರುತ್ತೆ ಎಂದ. ಮತ್ತೆ ಕೇಳಿದಳು.

"ಹೂಂ," ಮುದುಕ ನಿಟ್ಟುಸಿರಿಟ್ಟ, "ಬಿಸಿ ಮಾಡ್ಕೊಂಡೇ ಬಂದಿದ್ದೀಯ ಅಂದ್ಮೇಲೆ ಸುಮ್ನೆ ಯಾಕೆ ಹಾಳು ಮಾಡೋದು." ಕಂಬಳಿ ಗದ್ದದವರೆಗೆ ಏರಿತು. ಕಣ್ಣು ಮುಚ್ಚಿಕೊಂಡು ಅವನು ಗೊಣಗುಟ್ಟಿದ್ದು ಹೆಚ್ಚುಕಡಿಮೆ ಹಾಡಿನಂತಿತ್ತು.

ಊಟದ ಹೊತ್ತಿಗೆ, ಆಪರೇಷನ್ ಇದ್ದವರನ್ನು ಬಿಟ್ಟು, ಇಡೀ ಮಹಡಿ ಅವಳಿಂದ ನೀರು ಕುಡಿದಿತ್ತು. ದಿಂಬು ನೆಲ ಬಿಟ್ಟು ತಲೆಯಡಿ ಸೇರಿತ್ತು. ನೈಗಾರ್ಡನನ್ನು ಆಪರೇಷನ್ ಕೋಣೆಗೆ ಒಯ್ಯುವಾಗ, ಮಂಚದ ತಲೆಭಾಗ ತಳ್ಳಲು ಗ್ರೆಚೆನ್ ಅವಳನ್ನೇ ಕರೆದಳು.

"ನಿಂಗೆ ಒಳಗೆ ಬಂದು ನೋಡಬೇಕು ಅಂತಿದೆ ಅಲ್ವಾ?" ದಾರಿಯಲ್ಲಿ ಮುದುಕ ಚಾವಣಿ ನೋಡುತ್ತಲೇ ಕೇಳಿದ.

"ಪ್ರಾಣ ಹೋಗುವಷ್ಟು ಆಸೆ ಇದೆ, ಮಿಸ್ಟರ್ ನೈಗಾರ್ಡ್."

"ಪ್ರಾಣದ ಮಾತು ಇವತ್ತು ಬೇಡ. ನನ್ನ ಅಭ್ಯಂತರ ಏನಿಲ್ಲ. ನನ್ನ ಮೂಳೆ ನಾನಂತೂ ನೋಡಲ್ಲ, ಯಾರಾದ್ರೂ ನೋಡ್ಲಿ. ಡಾಕ್ಟ್ರು ತಾವಾಗೇ ಕರೀತಾರೆ. ಆದ್ರೆ ಕರೆದ ಕೂಡ್ಲೇ ಬಕೆಟ್ ಕಂಡ ಕರುವಿನ ಹಾಗೆ ನುಗ್ಗಬೇಡ. ಮರ್ಯಾದೆ ಇರಲಿ."

"ಗೊತ್ತಾಯ್ತು," ಎಂದಳು ಡಾನಾ. ಗೊತ್ತಾಗಿಯೂ ಇತ್ತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಸರ್ಜನ್ ನಿಂತಿದ್ದ. ಈ ವಾರವಷ್ಟೇ ಕೆಲಸಕ್ಕೆ ಸೇರಿದ್ದವನು, ಎತ್ತರದ ಆಳು. ರೋಗಿಯ ಹೆಸರು ಕೇಳಿ, ಯಾವ ಕಡೆಯ ಸೊಂಟವೆಂದು ಖಚಿತ ಮಾಡಿಕೊಂಡು, ಡಾನಾಳ ಸ್ವಯಂಸೇವಕಿಯ ನೀಲಿ ಅಂಗಿಯತ್ತ ನೋಡಿದ.

"ಡಾಕ್ಟರ್ ಆಗಬೇಕು ಅಂತಿರೋ ಹುಡುಗಿ ನೀನೇನಾ? ಗ್ರೆಚೆನ್ ಹೇಳ್ತಿದ್ರು. ಒಳಗೆ ಬಾ, ನನ್ನ ಪಕ್ಕದಲ್ಲೇ ನಿಂತು ನೋಡುವಿಯಂತೆ."

ಡಾನಾಳ ಕಾಲು ಅರ್ಧ ಹೆಜ್ಜೆ ಮುಂದಿಟ್ಟೇಬಿಟ್ಟಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ, ಬೇಡ ಡಾಕ್ಟ್ರೇ," ಎಂದಳು, ನೆಲ ನೋಡುತ್ತ. "ನಾನ್ಯಾಕೆ ನಿಮ್ಗೆ ಅಡ್ಡ."

ಮಂಚದ ಮೇಲೆ ನೈಗಾರ್ಡ್ ಹೆಮ್ಮೆಯಿಂದ ತಲೆದೂಗಿದ.

"ಸರಿ ಹಾಗಾದ್ರೆ," ಎಂದ ಸರ್ಜನ್. ಮಂಚವನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ತಳ್ಳಿದ.

ಬಾಗಿಲ ಎರಡು ರೆಕ್ಕೆಗಳೂ ಮುಚ್ಚತೊಡಗಿದವು. ಡಾನಾ ತಳ್ಳುವ ಭಂಗಿಯಲ್ಲೇ ಕೈ ಚಾಚಿಕೊಂಡು, ಮುಖದ ಮೇಲೆ ವಿನಯದ ನಗು ಹಾಗೇ ಉಳಿಸಿಕೊಂಡು, ಎರಡನೆಯ ಕರೆಗಾಗಿ ಕಾಯುತ್ತಿದ್ದಳು. ಕೊನೆಯ ಬಿರುಕು ಮುಚ್ಚುವ ಮುನ್ನ ಒಳಗಿನಿಂದ ಮುದುಕನ ಗಾಬರಿಯ ದನಿ ಕೇಳಿಸಿತು:

"ಡಾಕ್ಟ್ರೇ, ನಿಮ್ದು ಯಾವೂರು?"