ಮುದ್ದಕ್ಕನ ಜಗಳ ಪರೀಕ್ಷೆ

“ಗೊತ್ತಿಲ್ಲ ಅನ್ನೋ ಮಷಿನ್ ತಗೊಂಡು ನಾವೇನ್ರೀ ಮಾಡೋದು?” ಲ್ಯಾಪ್‌ಟಾಪ್ ಪರದೆಯಲ್ಲಿದ್ದ ರವೀಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಿತ್ರದುರ್ಗದಲ್ಲಿ ಕುರಿ ಔಷಧಿಯ ಕಂಪನಿ ನಡೆಸುವ ಅವರಿಗೆ, ಕುರಿ ಸಾಕುವವರು ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಕೊಡುವ ಎಐ ಬೇಕಿತ್ತು. “ಬೆಂಗಳೂರಿನವರದ್ದು ಕೇಳಿದ್ದಕ್ಕೆಲ್ಲ ಟಕ್ಕಂತ ಹೇಳುತ್ತೆ. ನಿಮ್ಮದು ಮಾತೆತ್ತಿದ್ರೆ ಡಾಕ್ಟರಿಗೆ ಫೋನ್ ಕೊಡ್ತೀನಿ ಅನ್ನುತ್ತೆ. ಆ ಮಾತು ತೆಗೀರಿ. ಇಲ್ಲಾಂದ್ರೆ ಕೆಲಸ ಅವರಿಗೇ.”

ಆದಿವಾಲ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂತು ಕಾವ್ಯಶ್ರೀ ಇದನ್ನು ಕೇಳಿಸಿಕೊಂಡಳು. ಎಐ ತಯಾರಿಸುವ ಅವಳ ಸ್ಟುಡಿಯೊ ಎಂದರೆ ಈ ಪಡಸಾಲೆ ಮತ್ತು ಹೊಸದುರ್ಗದಲ್ಲಿ ಜೊತೆಗಾರ ಅಂಜನ್ ಕೆಲಸ ಮಾಡುವ ಮಹಡಿ ಕೋಣೆ, ಅಷ್ಟೇ. ಈ ಕೆಲಸ ಕೈತಪ್ಪಿದರೆ ಸ್ಟುಡಿಯೊ ಮುಚ್ಚುವುದೆಂದು ಇಬ್ಬರೂ ಆಗಲೇ ಮಾತಾಡಿಕೊಂಡಿದ್ದರು.

“ಆ ಮಾತು ತೆಗೆಯಲ್ಲ ಸರ್,” ಎಂದಳು ಅವಳು. “ಆದರೆ ಒಂದು ಪರೀಕ್ಷೆ ಮಾಡೋಣ. ನಾವು ಏನೇ ಮಾಡಿದ್ರೂ ಹೊರಗೆ ಕೊಡೋ ಮುಂಚೆ ನಮ್ಮತ್ತೆ ಅದರ ಜೊತೆ ಜಗಳ ಆಡ್ತಾರೆ. ಇವತ್ತು ಎರಡರ ಜೊತೆಗೂ ಆಡಲಿ. ನೀವೇ ಕೇಳಿ.”

“ಜಗಳಾನಾ?” ಎಂದರು ರವೀಂದ್ರ. ಪರದೆಯ ಇನ್ನೊಂದು ಚೌಕದಲ್ಲಿ ಅಂಜನ್ ಹಣೆ ಒತ್ತಿಕೊಂಡ.

ಅದು ಅವರ ಕೆಲಸದ ಪದ್ಧತಿ. ಯಂತ್ರಕ್ಕೆ ಪ್ರಶ್ನೆ ಕೇಳುವವರು ಬೇಕಾದಷ್ಟು ಸಿಗುತ್ತಾರೆ. ಅದರ ಬಾಯಿಂದ ಸುಳ್ಳು ಹೊರಡಿಸಬಲ್ಲವರು ಅಪರೂಪ. ಕಾವ್ಯಶ್ರೀಯ ಸೋದರತ್ತೆ ಮುದ್ದಕ್ಕನಿಗೆ ಆ ವಿದ್ಯೆ ಸಲೀಸು. ಎದುರಿನವರು ಆಡದ ಮಾತನ್ನು ‘ನೀನೇ ಅಂದಿದ್ದೆ’ ಎಂದು ಅವಳು ಸಾಧಿಸುವ ರೀತಿಗೆ, ಅವರಿಗೆ ತಮ್ಮ ನೆನಪಿನ ಮೇಲೇ ಅನುಮಾನ ಬರುತ್ತಿತ್ತು. ಹೋದ ಸುಗ್ಗಿಯಲ್ಲಿ ಪಕ್ಕದ ಮನೆಯ ಈರಕ್ಕ, ‘ಕೊಡ್ತೀನಿ ಅಂದಿದ್ನೇನೋ ಕಣವ್ವ’ ಎನ್ನುತ್ತ ತನ್ನ ಹೊಸ ಮೊರವನ್ನು ತಾನೇ ತಂದುಕೊಟ್ಟು ಹೋಗಿದ್ದಳು. ಅದು ಈಗ ಇದೇ ಪಡಸಾಲೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಸ್ಟುಡಿಯೊದ ಯಂತ್ರವೂ ಈವರೆಗೆ ಅವಳೆದುರು ಗೆದ್ದಿರಲಿಲ್ಲ. ಸೋತಾಗಲೆಲ್ಲ ಎಲ್ಲಿ ಜಾರಿತೆಂದು ಹುಡುಕಿ ಇಬ್ಬರೂ ತಿದ್ದುತ್ತಿದ್ದರು. ನಿನ್ನೆ ತಿದ್ದಿದ್ದನ್ನು ಮುದ್ದಕ್ಕ ಇನ್ನೂ ಮುಟ್ಟಿರಲಿಲ್ಲ. ಅಂಜನ್ ಹಣೆ ಒತ್ತಿಕೊಂಡದ್ದು ಅದಕ್ಕೇ.

ಮುದ್ದಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕೂತಳು. ರವೀಂದ್ರ ಮೊದಲು ಬೆಂಗಳೂರಿನ ಯಂತ್ರಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಪರದೆಯ ಮುಂದೆ ಹಿಡಿದರು.

“ಏನಪ್ಪ, ಗಬ್ಬದ ಕುರಿಗೆ ಜಂತುಹುಳದ ಔಷಧಿ ಎರಡರಷ್ಟು ಕುಡಿಸು ಅಂತ ನಿನ್ನೆ ನೀನೇ ಅಂದಿದ್ದೆ. ಈಗ ಕುಡಿಸ್ಲೋ ಬ್ಯಾಡ್ವೋ?”

“ಹೌದು ಅಮ್ಮ, ನಿನ್ನೆ ನಾನೇ ಹೇಳಿದ್ದೆ,” ಎಂದಿತು ಸವಿಯಾದ ದನಿ. “ಖಂಡಿತ ಕುಡಿಸಿ.”

ರವೀಂದ್ರರ ಮುಖ ಬಿಳಿಚಿಕೊಂಡಿತು. ಅಷ್ಟು ಕುಡಿಸಿದರೆ ಹೊಟ್ಟೆಯೊಳಗಿನ ಮರಿ ಸಾಯುತ್ತದೆ. ಬಾಟಲಿಯ ಮೇಲೆ ಅವರ ಕಂಪನಿಯ ಹೆಸರಿರುತ್ತದೆ.

“ಥೂ, ಇದು ಬಲು ಸಾಧು,” ಮುದ್ದಕ್ಕನಿಗೆ ನಿರಾಸೆಯಾಯಿತು. “ನಿಮ್ದು ಕೊಡೇ ಇತ್ಲಾಗೆ.”

ಕಾವ್ಯಶ್ರೀ ತಮ್ಮ ಯಂತ್ರಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟಳು. ಮುದ್ದಕ್ಕ ಅದೇ ಮಾತು ಹೇಳಿದಳು.

“ನಾನು ಹಾಗೆ ಹೇಳಿಲ್ಲ ಅಮ್ಮ,” ಎಂದಿತು ಅದು. “ಗಬ್ಬದ ಕುರಿಗೆ ಎಷ್ಟು ಕುಡಿಸಬೇಕು ಅಂತ ನನಗೆ ಗೊತ್ತಿಲ್ಲ. ಡಾಕ್ಟರಿಗೆ ಫೋನ್ ಕೊಡ್ತೀನಿ. ಅಲ್ಲಿವರೆಗೆ ಏನೂ ಕುಡಿಸಬೇಡಿ.”

“ಹೇಳಿಲ್ವಾ? ನಮ್ಮೆಜಮಾನ್ರು ಪಕ್ಕದಾಗೇ ಕುಂತಿದ್ರು, ಅವ್ರೂ ಕೇಳ್ಸ್ಕಂಡವ್ರೆ!”

“ಅವರಿಗೆ ಹಾಗೆ ಕೇಳಿಸಿರಬಹುದು. ನಾನು ಹೇಳಿಲ್ಲ.”

“ಲೇ! ಹುಟ್ಟಿದಾಗಿಂದ ಕುರಿ ಸಾಕಿದೋಳು ನಾನು, ನನ್ನೇ ಸುಳ್ಳಿ ಅಂತೀಯಾ?” ಮುದ್ದಕ್ಕನ ದನಿ ಬೀದಿಗೆ ಕೇಳಿಸಿತು. ಬೈಗುಳಕ್ಕೆ ಬಗ್ಗದಿದ್ದಾಗ ಅತ್ತಳು. ಅಳುವಿಗೂ ಬಗ್ಗದಿದ್ದಾಗ ಸ್ವರ ತಗ್ಗಿಸಿದಳು. “ನೀನು ನನ್ನ ಮಗ ಇದ್ದಂಗೆ ಕಣಪ್ಪ. ಅಂದಾಜಿಗೆ ಒಂದು ಮಾತು ಹೇಳು. ಯಾರಿಗೂ ಹೇಳಕಿಲ್ಲ.”

“ಅಂದಾಜಿಗೆ ಹೇಳಲ್ಲ ಅಮ್ಮ. ಇಗೋ, ಡಾಕ್ಟರಿಗೆ ಕೊಡ್ತಿದ್ದೀನಿ.”

ಮುದ್ದಕ್ಕ ಫೋನನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, “ಇದಕ್ಕೇನ್ ಬಂತೇ ರೋಗ?” ಎಂದು ಕಾವ್ಯಶ್ರೀಯ ಮಡಿಲಿಗೆ ಹಾಕಿದಳು.

ಅಂಜನ್ ಕುರ್ಚಿಯಿಂದ ಎಗರಿದ ರಭಸಕ್ಕೆ ಅವನ ಚೌಕದಲ್ಲಿ ಖಾಲಿ ಗೋಡೆಯೊಂದೇ ಉಳಿಯಿತು. “ನಿಂತ್ಕೊಳ್ತು ಅಕ್ಕಾ! ಮುದ್ದಕ್ಕನ ಮುಂದೆ ಬಗ್ಗದೆ ನಿಂತ್ಕೊಳ್ತು!” ಎಂಬ ಕೂಗು ಮಾತ್ರ ಕೇಳುತ್ತಿತ್ತು. ಕಾವ್ಯಶ್ರೀ ಅತ್ತೆಯ ಕುತ್ತಿಗೆ ತಬ್ಬಿಕೊಂಡಳು. “ಬಿಡೇ, ಸೋತೋಳನ್ನ ಯಾರಾನ ತಬ್ಕಂತಾರಾ,” ಎಂದು ಗೊಣಗಿದರೂ ಮುದ್ದಕ್ಕ ಬಿಡಿಸಿಕೊಳ್ಳಲಿಲ್ಲ.

ರವೀಂದ್ರ ನಿಧಾನವಾಗಿ ಕನ್ನಡಕ ಹಾಕಿಕೊಂಡರು. “ಕೆಲಸ ನಿಮ್ಮದೇ ಕಣ್ರೀ ಮೇಡಂ. ಆ ಗೊತ್ತಿಲ್ಲ ಅನ್ನೋದನ್ನ ಮಾತ್ರ ಯಾರು ಹೇಳಿದ್ರೂ ತೆಗೀಬೇಡಿ. ನಾನು ಹೇಳಿದ್ರೂ.”

ಆಗ ಹೊಸ್ತಿಲಲ್ಲಿ ನೆರಳು ಬಿತ್ತು. ನಡುಗೋಡೆಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಈರಕ್ಕ ಬಂದಿದ್ದಳು.

“ಏನೇ ಈರಿ?” ಎಂದಳು ಮುದ್ದಕ್ಕ.

ಈರಕ್ಕ ಕೂಗದೆ, ಅಳದೆ, ಆ ಯಂತ್ರದಷ್ಟೇ ಸಮಾಧಾನದಿಂದ ಹೇಳಿದಳು: “ಮೊರ ಕೊಡ್ತೀನಿ ಅಂತ ನಾನು ಹೇಳಿಲ್ಲ ಕಣಕ್ಕ.”

ಹೇಳಿ, ಗೋಡೆಯ ಮೊಳೆಯತ್ತ ಕೈ ಚಾಚಿ, ನಿಂತೇ ಇದ್ದಳು.