ಸಂಕಲನಕ್ಕೆ ಸೇರದ ಹಾಡು

ಅರವತ್ತು ತುಂಬಿದ ಪ್ರತಿಯೊಬ್ಬ ರ‍್ಯಾಪರ್‌ನ ಹತ್ತು ಹಾಡುಗಳನ್ನಷ್ಟೇ ಅಭಿಮಾನಿಗಳು ಸಂಕಲನಕ್ಕೆ ಆರಿಸುತ್ತಿದ್ದರು. ಮಿಕ್ಕವು ಆ ಸಂಜೆ ಗಂಟೆ ಬಾರಿಸಿದೊಡನೆ, ಬರೆದವನೂ ಸೇರಿ ಎಲ್ಲರ ನೆನಪಿನಿಂದ ಅಳಿದುಹೋಗುತ್ತಿದ್ದವು. ಹುಬ್ಬಳ್ಳಿಯ ಸಭಾಂಗಣದಲ್ಲಿ ಒಂಬತ್ತು ಹಾಡುಗಳು ಆಯ್ಕೆಯಾದ ಮೇಲೆ ಅಂದು ಅರವತ್ತು ತುಂಬಿದ್ದ ಗುರುಶಾಂತ ಕೈಮುಗಿದ.

“ಕಡೇದು ‘ನೀಲವ್ವ’ ಇರಲ್ರೋ. ನನ್ನ ಹೆಂಡ್ತಿ ಜ್ವರದಾಗ ಮಲಗಿದ್ದಾಗ ಬರದದ್ದು.”

“ಅದರಾಗ ಬೆಂಕಿ ಇಲ್ರೀ ಅಣ್ಣಾರ,” ಎಂದ ಮುಂದಿನ ಸಾಲಿನ ಅಭಿಮಾನಿ. ಕೈಗಳೆಲ್ಲ ‘ಗಿರಣಿ ಗದ್ದಲ’ಕ್ಕೆ ಎದ್ದವು.

ಪಕ್ಕದಲ್ಲಿದ್ದ ನೀಲವ್ವ ಗಂಡನ ಕೈ ಹಿಡಿದು ತನ್ನ ಹಾಡಿನ ಮೊದಲ ಸಾಲನ್ನು ಅವಸರದಲ್ಲಿ ಗುನುಗತೊಡಗಿದಳು. ಸಂಜೆಯ ಗಂಟೆ ಬಾರಿಸಿತು. ಮುಂದಿನ ಪದ ಅವಳ ಬಾಯಿಗೆ ಬರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು: “ಇಷ್ಟು ವರ್ಷದಾಗ ನನ್ನ ಮ್ಯಾಲ ಒಂದಾದ್ರೂ ಹಾಡು ಬರೀಬೇಕಂತ ಅನಸ್ಲಿಲ್ಲೇನ್ರಿ?”

ಗುರುಶಾಂತ ತಲೆ ತಗ್ಗಿಸಿ, “ತಪ್ಪಾತು,” ಎಂದ.